ಸೆಪುಲ್ಟುರಾದ ‘ರಟಮಹಟ್ಟ’ ಕರೆಯುತ್ತಿರುವುದು ಯಾರನ್ನು?

ಮುಳ್ಳೇರಿಯ_ಮೋಡ

ಇಲ್ಲಿ ಮೆಟಲ್ (ಅಬ್ಬರದ ಗಿಟಾರಿನ ರಾಕ್ ಸಂಗೀತ) ಕೇಳುವವರಿದ್ದೀರಿ, ಯಕ್ಷಗಾನದ ಹಿಮ್ಮೇಳದವರೂ ಇದ್ದೀರಿ. ಇಬ್ಬರೂ ಕೂತು ಮಾತಾಡಬಹುದಾದ ಒಂದು ಹಾಡಿನ ಬಗ್ಗೆ ಬರೀಬೇಕು ಅಂತ ತುಂಬ ದಿನದಿಂದ ಮನಸ್ಸಿನಲ್ಲಿತ್ತು.

ಹಾಡು ‘ರಟಮಹಟ್ಟ’. ಬ್ರೆಜಿಲ್‌ನ ಸೆಪುಲ್ಟುರಾ ತಂಡದ್ದು, 1996ರ ‘ರೂಟ್ಸ್’ ಆಲ್ಬಮ್‌ನಲ್ಲಿದೆ. ಅಣ್ಣ ತಮ್ಮ ಇಬ್ಬರು, ಮ್ಯಾಕ್ಸ್ ಕವಲೇರಾ ಮತ್ತು ಇಗೊರ್ ಕವಲೇರಾ, 1984ರಲ್ಲಿ ಬೆಲೊ ಹೊರಿಜಾಂಟೆ ಪಟ್ಟಣದಲ್ಲಿ ಶುರು ಮಾಡಿದ ತಂಡ ಇದು. (ನಮ್ಮ ಕಾಸರಗೋಡು ಜಿಲ್ಲೆ ಆದದ್ದೂ ಅದೇ ವರ್ಷ.) ಈ ಹಾಡಿಗೆ ಅವರು ಜೊತೆಗೆ ಕರೆದದ್ದು ಕಾರ್ಲಿನ್ಯೋಸ್ ಬ್ರೌನ್ ಅವರನ್ನು. ಬ್ರೌನ್ ಸಾಲ್ವಡೋರ್ ನಗರದವರು, ಕಪ್ಪು ಜನರ ಕೇರಿಯಲ್ಲಿ ಬೆಳೆದವರು, ಟಿಂಬಲಾಡ ಎಂಬ ದೊಡ್ಡ ವಾದ್ಯಮೇಳ ಕಟ್ಟಿದವರು. ಮೆಟಲ್ ಲೋಕದವರೇ ಅಲ್ಲ.

ಹಾಡಿಗೆ ಅರ್ಥ ಇಲ್ಲ, ಸುಮ್ನೆ ಶಬ್ದಗಳ ಪಟ್ಟಿ ಅಂತ ಹೇಳುವವರು ಜಾಸ್ತಿ. ಪೋರ್ಚುಗೀಸ್ ಗೊತ್ತಿಲ್ಲದವರಿಗೆ ಹಾಗೆ ಅನಿಸುವುದು ಸಹಜ. ಪೂರ್ತಿ ವಾಕ್ಯಗಳೇ ಕಡಿಮೆ. ಆದರೆ ಪಟ್ಟಿಯಲ್ಲಿ ಏನೇನಿದೆ ನೋಡಿ. ಮೊದಲು ಬರುವುದು ಜಾಗಗಳು. ಗುಡ್ಡದ ಮೇಲಿನ ಬಡವರ ಕೇರಿ, ಹರಕು ಗುಡಿಸಲು, ಗ್ಯಾರೇಜು, ಪೊಲೀಸರು ಕಣ್ಣಿಟ್ಟ ಮೂಲೆ. ಆಮೇಲೆ ಮೂರು ಹೆಸರು: ಜ಼ೆ ದೊ ಕೈಷಾವ್, ಜ಼ುಂಬಿ, ಲಂಪಿಯಾವ್. ನಡುವೆ ಊರಿನ ಮೇಲ್ಭಾಗಕ್ಕೆ, ಕೆಳಭಾಗಕ್ಕೆ, ಜಮೈಕಾದ ಟ್ರೆಂಚ್‌ಟೌನ್‌ಗೆ ಕೂಗಿ ನಮಸ್ಕಾರ.

ನನಗೆ ಕಾಣುವುದು ಇಷ್ಟು. ಈ ಹಾಡು ಕಥೆ ಹೇಳುವುದಿಲ್ಲ, ಕರೆಯುತ್ತದೆ. ಪಾಡ್ದನದಲ್ಲಿ, ಅಂದರೆ ದೈವದ ಕಥೆ ಹೇಳುವ ತುಳು ಹಾಡಿನಲ್ಲಿ, ದೈವ ಯಾವ ಊರಿಂದ ಹೊರಟಿತು, ಯಾವ ಹೊಳೆ ದಾಟಿತು, ಯಾವ ಬೀಡಿನಲ್ಲಿ ನೆಲೆಯಾಯಿತು ಅಂತ ಜಾಗಗಳ ಹೆಸರು ಒಂದರ ಹಿಂದೆ ಒಂದು ಬರ್ತದೆ ಅಲ್ವಾ? ಕೇಳುವವನಿಗೆ ಅದು ಪಟ್ಟಿ ಅನಿಸುವುದಿಲ್ಲ. ಆ ಹೆಸರುಗಳನ್ನು ಹೇಳಿದಾಗಲೇ ದೈವ ಬಂದು ನಿಂತ ಹಾಗೆ. ಸೆಪುಲ್ಟುರಾದವರಿಗೆ ಭೂತಕೋಲ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಸತ್ತವರನ್ನು ಹೆಸರು ಹಿಡಿದು ಎಬ್ಬಿಸುವ ಕ್ರಮ ಅಲ್ಲೂ ಇದೆ, ಇಲ್ಲೂ ಇದೆ. ಈ ಕಣ್ಣಿನಿಂದ ನೋಡಿದರೆ ಹಾಡು ಬೇರೆಯೇ ಕೇಳಿಸುತ್ತದೆ.

ಉಪ್ಪಳ_ಬಾಸ್

ಚಂದ ಬರೆದಿದ್ದೀರಿ ಅಣ್ಣ, ಆದರೆ ನಾನು ಒಪ್ಪುವುದಿಲ್ಲ.

ಬ್ರೌನ್ ಬಾಯಿಂದ ಬರುವುದು ಮಾತಲ್ಲ, ಪೆಟ್ಟು. ಆ ಶಬ್ದಗಳನ್ನು ಆರಿಸಿದ್ದೇ ಅವು ಬಾಯಲ್ಲಿ ಸಿಡಿಯುತ್ತವೆ ಅಂತ. ಬ, ಗ, ಫ, ಕ. ಒಂದೊಂದೂ ಚರ್ಮದ ಮೇಲೆ ಬಿದ್ದ ಹಾಗೆ ಬೀಳುತ್ತದೆ. ಭಾಗವತರು ಬಾಯಿತಾಳ ಹೇಳುವಾಗ ‘ತತ್ತೋಂ’ ಅಂದರೆ ಏನರ್ಥ ಅಂತ ಯಾರಾದರೂ ಕೇಳುತ್ತಾರಾ? ಕುಣಿಯುವವನಿಗೆ ಅದು ಸಾಕು. ಇಲ್ಲೂ ಅಷ್ಟೇ. ಅರ್ಥ ಹುಡುಕಲು ಹೋದರೆ ಹಾಡಿನ ಜೀವ ಇರುವ ಜಾಗ ಬಿಟ್ಟು ಬೇರೆ ಕಡೆ ಅಗೆದ ಹಾಗೆ.

ಹಳೇ_ಥ್ರ್ಯಾಶ್

ನನಗೆ ‘ರೂಟ್ಸ್’ ಮೇಲೆಯೇ ತಕರಾರಿದೆ. ಇವರದೇ 1989ರ ‘ಬಿನೀತ್ ದ ರಿಮೇನ್ಸ್’, 1991ರ ‘ಅರೈಸ್’ ಕೇಳಿ ಬೆಳೆದವರಿಗೆ ಇದು ಬೇರೆ ತಂಡ ಅನಿಸುತ್ತದೆ. ಆ ವೇಗ ಎಲ್ಲಿ? ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಆ ರಿಫ್‌ಗಳ ಹರಿತ ಎಲ್ಲಿ? ನಿರ್ಮಾಪಕ ರಾಸ್ ರಾಬಿನ್ಸನ್. ಅಮೆರಿಕದ ಕಾರ್ನ್ ತಂಡದ ಮೊದಲ ಆಲ್ಬಮ್ ಮಾಡಿದವರು ಅವರೇ, 1994ರಲ್ಲಿ. ಅದೇ ಕ್ಯಾಲಿಫೋರ್ನಿಯಾದ ಸ್ಟುಡಿಯೋ, ಅದೇ ಸಡಿಲ ತಂತಿಯ ದಪ್ಪ ಸದ್ದು. ಅದರ ಮೇಲೆ ಡೋಲು ಸುರಿದು ಬುಡಕಟ್ಟು ಅಂದರು. ಆ ಕಾಲಕ್ಕೆ ಅಮೆರಿಕದಲ್ಲಿ ಓಡುತ್ತಿದ್ದ ಶೈಲಿ ಅದು, ಅಷ್ಟೇ.

ಕುಂಬಳೆ_ಚೆಂಡೆ

ಥ್ರ್ಯಾಶ್ ಅಣ್ಣನಿಗೆ ಉತ್ತರ ಕೊಡಬೇಕು ಅಂತಲೇ ಬರೆಯುತ್ತಿದ್ದೇನೆ. ನಾನು ತೆಂಕುತಿಟ್ಟು ಯಕ್ಷಗಾನಕ್ಕೆ ಚೆಂಡೆ ಬಾರಿಸುವವ. ಮೆಟಲ್ ಕೇಳಲು ಶುರು ಮಾಡಿದ್ದು ಆಮೇಲೆ. ಹಾಗಾಗಿ ನನ್ನ ಕಿವಿ ಮೊದಲು ಹೋಗುವುದು ಚರ್ಮದ ಕಡೆಗೆ.

‘ಡೋಲು ಸುರಿದರು’ ಅಂದಿರಿ. ಸುರಿದದ್ದು ಯಾವುದು, ಕಟ್ಟಿದ್ದು ಯಾವುದು ಅಂತ ಗುರುತಿಸಲು ಒಂದು ದಾರಿ ಇದೆ. ಆ ವಾದ್ಯವನ್ನು ಮನಸ್ಸಿನಲ್ಲೇ ತೆಗೆದು ನೋಡಿ, ಹಾಡು ನಿಲ್ಲುತ್ತದಾ? ಈಗ ಬರುವ ಎಷ್ಟೋ ಫ್ಯೂಷನ್‌ಗಳಲ್ಲಿ ನಮ್ಮ ಚೆಂಡೆ ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿ. ಇದ್ದರೂ ಆಯಿತು, ಇಲ್ಲದಿದ್ದರೂ ಊಟ ಮುಗಿಯುತ್ತದೆ. ‘ರಟಮಹಟ್ಟ’ದಲ್ಲಿ ಡೋಲು ತೆಗೆದರೆ ಗಿಟಾರಿಗೆ ಹೇಳಲು ಏನೂ ಉಳಿಯುವುದಿಲ್ಲ.

ಶುರುವನ್ನೇ ಕೇಳಿ. ಮೊದಲು ತಾಳವಾದ್ಯ. ಅದರ ಮೇಲೆ ಬಾಯಿ. ಯಕ್ಷಗಾನದ ಆಟ ಶುರುವಾಗುವ ಮೊದಲು ಚೆಂಡೆಯಲ್ಲಿ ‘ಕೇಳಿ’ ಬಡಿಯುತ್ತೇವಲ್ಲ, ಊರಿಗೆಲ್ಲ ಗೊತ್ತಾಗಲಿ ಅಂತ? ಆ ಕೆಲಸವನ್ನೇ ಇಲ್ಲಿ ಡೋಲು ಮಾಡುತ್ತದೆ. ಜನ ಸೇರಿದ ಮೇಲೆ ಗಿಟಾರ್ ಬರುತ್ತದೆ. ಬಂದಾಗಲೂ ಅದು ರಾಗ ನುಡಿಸುವುದಿಲ್ಲ. ಡೋಲು ಎಲ್ಲಿ ಬಡಿಯಿತೋ ಅಲ್ಲೇ ತಾನೂ ಬಡಿಯುತ್ತದೆ. ಮ್ಯಾಕ್ಸ್ ಗಿಟಾರಿನಲ್ಲಿ ನಾಲ್ಕೇ ತಂತಿ, ಸಪೂರದ ಎರಡನ್ನು ತೆಗೆದುಬಿಟ್ಟಿದ್ದಾರೆ. ಉಳಿದದ್ದು ದಪ್ಪ ತಂತಿಗಳು. ಅವನ್ನು ಇಳಿಸಿ ಶ್ರುತಿ ಮಾಡಿ, ಅಂಗೈ ಒತ್ತಿ ಬಾರಿಸಿದರೆ ಅದು ತಂತಿವಾದ್ಯವೇ ಅಲ್ಲ, ಇನ್ನೊಂದು ಡೋಲು.

ಇನ್ನು ಅಲ್ಲಿಯ ವಾದ್ಯಗಳು. ಸುರ್ಡು ಅಂತ ಒಂದಿದೆ, ಸಾಂಬಾ ಮೆರವಣಿಗೆಯಲ್ಲಿ ಹೊಟ್ಟೆಯ ಮುಂದೆ ನೇತುಹಾಕಿಕೊಂಡು ಬಾರಿಸುವ ದೊಡ್ಡ ಡೋಲು. ಮೆತ್ತಗಿನ ತಲೆಯ ಕೋಲಿನಿಂದ ಒಂದೇ ಪೆಟ್ಟು, ಅದು ನೆಲದಿಂದ ಬಂದ ಹಾಗೆ ಬರುತ್ತದೆ. ಟಿಂಬಾವ್ ಉದ್ದಕ್ಕೆ, ಕೆಳಗೆ ಸಪೂರ, ಕೈಯಲ್ಲೇ ಬಾರಿಸುವುದು. ಒಂದು ಗುಡುಗಿದರೆ ಇನ್ನೊಂದು ಮಾತಾಡುತ್ತದೆ. ನಮ್ಮಲ್ಲಿ ಭಾಗವತರ ಪಕ್ಕ ಕೂತ ಮದ್ದಳೆ ಮಾತಾಡುತ್ತದೆ, ನಿಂತುಕೊಂಡ ಚೆಂಡೆ ಗುಡುಗುತ್ತದೆ. ಎರಡೂ ಒಟ್ಟಿಗೇ ಗುಡುಗಿದರೆ ಪದ್ಯ ಹಾಳು. ಈ ಲೆಕ್ಕ ಗೊತ್ತಿದ್ದವರು ಮಾಡಿದ ಹಾಡು ಇದು. ಕಾರ್ನ್ ಸದ್ದು ಅದರಲ್ಲಿಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಕೆಳಗಿನ ನೆಲ ಅಮೆರಿಕದ್ದಲ್ಲ.

ಉಪ್ಪಳ_ಬಾಸ್

ಇದನ್ನೇ ನಾನೂ ಹೇಳಿದ್ದು! ಎಲ್ಲವೂ ಪೆಟ್ಟು, ಬಾಯಿಯೂ ಪೆಟ್ಟು.

ಪೆರ್ಲದ_ಇತಿಹಾಸ

ಬಾಸ್ ಅಣ್ಣ, ಬಾಯಿ ಪೆಟ್ಟು ಅನ್ನುವುದು ಸರಿ. ಆದರೆ ಪೆಟ್ಟಿಗೆ ಬೇಕಾದ ಶಬ್ದ ಸಾವಿರ ಸಿಗುತ್ತಿತ್ತು. ಆ ಮೂರು ಹೆಸರೇ ಯಾಕೆ? ಅದಕ್ಕೆ ಉತ್ತರ ಹೇಳದೆ ಮುಂದೆ ಹೋಗಬಾರದು.

ಜ಼ುಂಬಿ ಯಾರು? ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಕಾಡಿನ ಗುಡ್ಡಗಳಲ್ಲಿ ಪಾಲ್ಮಾರೆಸ್ ಎಂಬ ತಮ್ಮದೇ ನಾಡು ಕಟ್ಟಿಕೊಂಡಿದ್ದರು. ಅದರ ಕೊನೆಯ ನಾಯಕ ಜ಼ುಂಬಿ. 1695ರ ನವೆಂಬರ್ 20ರಂದು ಪೋರ್ಚುಗೀಸರ ಕಡೆಯವರು ಅವನನ್ನು ಕೊಂದರು. ತಲೆ ಕಡಿದು ರೆಸಿಫೆ ಪಟ್ಟಣದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಅವನಿಗೆ ಸಾವಿಲ್ಲ ಅಂತ ಜನ ನಂಬಿದ್ದರು, ಆ ನಂಬಿಕೆ ಮುರಿಯಬೇಕಿತ್ತು. ಆದರೆ ಏನಾಯಿತು? ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1888ರಲ್ಲಿ. ಈಗ ನವೆಂಬರ್ 20 ಅಲ್ಲಿ ರಾಷ್ಟ್ರೀಯ ರಜೆ.

ಲಂಪಿಯಾವ್ ಈಶಾನ್ಯ ಬ್ರೆಜಿಲ್‌ನ ಒಣನೆಲದ ದರೋಡೆಗಾರ. ನಿಜ ಹೆಸರು ವಿರ್ಗುಲಿನೊ ಫೆರೇರಾ ದ ಸಿಲ್ವ. 1938ರ ಜುಲೈ 28ರಂದು ಪೊಲೀಸರು ಅವನನ್ನೂ ಜೊತೆಯವರನ್ನೂ ಕೊಂದು, ಅಲ್ಲೂ ತಲೆ ಕಡಿದು ಊರೂರು ತೋರಿಸಿದರು. ಅವನ ತಲೆ ಸಾಲ್ವಡೋರಿನ ಮ್ಯೂಸಿಯಂನಲ್ಲಿ ಉಳಿಯಿತು. 1969ರಲ್ಲಷ್ಟೇ ಮಣ್ಣು ಮಾಡಿದರು. ಅದು ಕಾರ್ಲಿನ್ಯೋಸ್ ಬ್ರೌನ್ ಅವರ ಊರು ಅನ್ನುವುದನ್ನು ಮರೆಯಬೇಡಿ.

ಈಗ ನಮ್ಮ ಕಡೆ ಬನ್ನಿ. ಬೀರ ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕೆತ್ತಿದ. ಇಂಥದ್ದು ಇನ್ನೊಂದು ಆಗಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಪಾಡ್ದನ ಹೇಳುವಂತೆ ಅವನು ತಂಗಿ ಕಲ್ಲುರ್ಟಿ ಜೊತೆ ದೈವವಾಗಿ ಬಂದು ಲೆಕ್ಕ ಕೇಳಿದ. ಕೋಟಿ ಚೆನ್ನಯರು ಎಣ್ಮೂರಿನ ಯುದ್ಧದಲ್ಲಿ ಸತ್ತವರು, ಇವತ್ತು ಗರಡಿಗಳಲ್ಲಿ ಕೂತಿದ್ದಾರೆ. ನೀಲೇಶ್ವರದ ಕಡೆ ಪೊಟ್ಟನ್ ತೆಯ್ಯಂ ಎಂಬ ದೈವ ಕೆಂಡದ ಮೇಲೆ ಮಲಗಿಕೊಂಡು, ನಿಮ್ಮನ್ನು ಕಡಿದರೂ ನಮ್ಮನ್ನು ಕಡಿದರೂ ಬರುವುದು ರಕ್ತವೇ ಅಲ್ಲವಾ ಅಂತ ಮೇಲುಜಾತಿಯವರನ್ನು ಕೇಳುತ್ತದೆ. ದೊಡ್ಡವರು ಯಾರನ್ನು ಕಡಿದರೋ ಅವರೇ ತಿರುಗಿ ಬರುತ್ತಾರೆ. ಬಂದಾಗ ಅದೇ ದೊಡ್ಡವರು ಕೈಮುಗಿದು ನಿಲ್ಲಬೇಕು. ಮೋಡ ಅಣ್ಣ ಹೇಳಿದ್ದು ಇಲ್ಲಿ ಸರಿಯಾಗಿ ಕೂರುತ್ತದೆ.

ಆದರೆ ನನಗೆ ಒಂದು ತೊಡಕು ಉಳಿದಿದೆ. ಜ಼ೆ ದೊ ಕೈಷಾವ್ ಒಬ್ಬ ಮನುಷ್ಯನೇ ಅಲ್ಲ. ಸಿನಿಮಾದ ಪಾತ್ರ. ಕಪ್ಪು ಟೋಪಿ, ಕಪ್ಪು ಮೇಲಂಗಿ, ಉದ್ದ ಉಗುರಿನ ಹೆಣ ಹೂಳುವವ. ಜ಼ುಂಬಿಯ ಪಕ್ಕ ಅವನನ್ನು ನಿಲ್ಲಿಸಿದ್ದು ನನಗೆ ಸರಿ ಕಾಣುವುದಿಲ್ಲ.

ಹಳೇ_ಥ್ರ್ಯಾಶ್

ಲಂಪಿಯಾವ್ ಬಗ್ಗೆ ಒಂದು ಮಾತು. ಅವನು ಬಡವರನ್ನೂ ಸುಲಿದವ, ಕೊಂದವ. ಅವನನ್ನು ದೈವದ ಸಾಲಿಗೆ ಸೇರಿಸುವ ಮೊದಲು ಅದನ್ನೂ ಹೇಳಬೇಕು.

ಮುಳ್ಳೇರಿಯ_ಮೋಡ

ಹೇಳಲೇಬೇಕು, ಒಪ್ಪುತ್ತೇನೆ. ಪೆರ್ಲದ ಅಕ್ಕನ ತೊಡಕಿಗೂ ಇಲ್ಲೇ ಉತ್ತರ ಇದೆ ಅಂತ ನನಗೆ ಅನಿಸುತ್ತದೆ. ಈ ಹಾಡು ಒಳ್ಳೆಯವರ ಪಟ್ಟಿ ಅಲ್ಲ. ಆಳುವವರಿಗೆ ಹೆದರಿಕೆ ಹುಟ್ಟಿಸಿದವರ ಪಟ್ಟಿ. ಜ಼ುಂಬಿಗೆ ತೋಟದ ಧಣಿಗಳು ಹೆದರಿದರು. ಲಂಪಿಯಾವ್‌ಗೆ ಜಮೀನ್ದಾರರು, ಪೊಲೀಸರು. ಜ಼ೆ ಪಾತ್ರವನ್ನು 1964ರಲ್ಲಿ ತೆರೆಗೆ ತಂದದ್ದು ಜೋಸೆ ಮೋಜಿಕಾ ಮರಿನ್ಸ್. ಅದೇ ವರ್ಷ ಬ್ರೆಜಿಲ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು, 1985ರವರೆಗೆ ಬಿಡಲಿಲ್ಲ. ದೇವರಿಗೂ ಹೆದರದ ಆ ಹೆಣ ಹೂಳುವವನನ್ನು ಸೆನ್ಸಾರಿನವರಿಗೆ ನೋಡಲಾಗುತ್ತಿರಲಿಲ್ಲ. ಮರಿನ್ಸ್ ಅವರ ಸಿನಿಮಾ ನಿಷೇಧವೂ ಆಯಿತು. ಅಲ್ಲದೆ ಈ ತಂಡದ ಹೆಸರಿಗೇ ಸಮಾಧಿ ಅಂತ ಅರ್ಥ. ಸೇನೆಯ ಆಡಳಿತದ ಕೊನೆಗಾಲದಲ್ಲಿ ಹುಡುಗರಾಗಿದ್ದವರಿಗೆ ಅವನು ಬರೀ ಸಿನಿಮಾದ ಪಾತ್ರವಾಗಿ ಉಳಿದಿರಲಿಕ್ಕಿಲ್ಲ.

ನಮ್ಮಲ್ಲೂ ಎಲ್ಲ ದೈವಗಳೂ ಸೌಮ್ಯ ಅಲ್ಲ ಅಲ್ವಾ? ಕಲ್ಲುರ್ಟಿಯ ಸಿಟ್ಟಿಗೆ ಊರೇ ನಡುಗಿದ ಕಥೆ ನಾವು ಕೇಳಿಯೇ ಬೆಳೆದವರು. ಭಯ, ಭಕ್ತಿ ಎರಡೂ ಒಂದೇ ಅಂಗಳದಲ್ಲಿ ನಿಲ್ಲುತ್ತವೆ.

ಪೆರ್ಲದ_ಇತಿಹಾಸ

ಒಳ್ಳೆಯ ಉತ್ತರ. ಆದರೂ ತಲೆ ಕಳೆದುಕೊಂಡವನ ಪಕ್ಕ ವೇಷ ಹಾಕಿದವನು. ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ.

ಕಾಞಂಗಾಡು_ಲೋಕಲ್

ಎಲ್ಲರೂ ಹಾಡನ್ನು ಮೆಚ್ಚುತ್ತಿದ್ದೀರಿ. ನನಗೆ ನೋವಾಗುವ ಒಂದು ವಿಷಯ ಕೇಳಲೇಬೇಕು. ಪಟ್ಟಣದ ಹುಡುಗರು ಗಿಟಾರ್ ಹಿಡಿದು ಕಾಡಿನವರ ಡೋಲು, ಗುಲಾಮರ ನಾಯಕನ ಹೆಸರು ತೆಗೆದುಕೊಂಡು ಪ್ರಪಂಚ ಸುತ್ತಿ ಹಾಡಿದರೆ ಅದು ಗೌರವವಾ, ವ್ಯಾಪಾರವಾ?

ಯಾಕೆ ಕೇಳುತ್ತೇನೆ ಅಂದರೆ ಇಲ್ಲಿಯದೇ ಒಂದು ಕಾಲೇಜಿನ ಹಬ್ಬದಲ್ಲಿ ಬ್ಯಾಂಡಿನವರು ತೆಯ್ಯದ ಮುಡಿಯ (ತಲೆಯ ಮೇಲಿನ ಕಿರೀಟದ) ಹಾಗೆ ಥರ್ಮಕೋಲಿನಲ್ಲಿ ಮಾಡಿ ತಲೆಗೆ ಕಟ್ಟಿಕೊಂಡು ಕುಣಿದರು. ಮುಖಕ್ಕೆ ಕೆಂಪು, ಕಣ್ಣಿಗೆ ಕಪ್ಪು. ನನ್ನ ಮನೆಯವರು ತಲೆತಲಾಂತರದಿಂದ ತೆಯ್ಯಂ ಕಟ್ಟುವವರು. ಅದಕ್ಕೆ ವ್ರತ ಇದೆ. ಮುಖಕ್ಕೆ ಬಣ್ಣ ಬರೆಯುವಾಗ ನೆಲದ ಮೇಲೆ ಅಂಗಾತ ಮಲಗಿರಬೇಕು, ಬರೆಯುವವ ತಲೆಯ ಕಡೆ ಕೂತು ತೆಂಗಿನ ಗರಿಯ ಕಡ್ಡಿಯಿಂದ ಒಂದೊಂದೇ ಗೆರೆ ಎಳೆಯುತ್ತಾನೆ. ಕಣ್ಣು ಮಿಟುಕಿಸುವ ಹಾಗಿಲ್ಲ. ಮುಡಿ ಏರಿಸಿ ಕನ್ನಡಿ ನೋಡಿದ ಮೇಲೆ ಅವನು ಮನೆಯ ಮಗ ಅಲ್ಲ, ದೈವ. ಆ ಹುಡುಗರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಚಪ್ಪಾಳೆ ಮಾತ್ರ ಜೋರಾಗಿ ಬಿತ್ತು.

ಕುಂಬಳೆ_ಚೆಂಡೆ

ಲೋಕಲ್ ಅಣ್ಣ, ನಿಮ್ಮ ನೋವು ನ್ಯಾಯದ್ದು. ಯಕ್ಷಗಾನದ ಆಟದ ಚೆಂಡೆಗೂ ಕಳಿಯಾಟದ, ಅಂದರೆ ತೆಯ್ಯಂ ಉತ್ಸವದ, ಚೆಂಡೆಗೂ ವ್ಯತ್ಯಾಸ ಇದೆ ಅನ್ನುವುದು ನನಗೂ ಗೊತ್ತು. ವಾದ್ಯ ಒಂದೇ ಇರಬಹುದು, ಬಾರಿಸುವ ಹೊತ್ತು ಬೇರೆ.

ಮುಳ್ಳೇರಿಯ_ಮೋಡ

ಇದಕ್ಕೆ ನಾನು ಗಂಭೀರವಾಗಿ ಉತ್ತರ ಕೊಡಬೇಕು.

‘ರೂಟ್ಸ್’ ಆಲ್ಬಮ್‌ನಲ್ಲಿ ‘ಇತ್ಸಾರಿ’ ಅಂತ ಒಂದು ಹಾಡಿದೆ. ಅದಕ್ಕಾಗಿ ತಂಡ 1995ರಲ್ಲಿ ಮಾಟೊ ಗ್ರೊಸೊ ರಾಜ್ಯದ ಷಾವಾಂಟೆ ಜನರ ಹಳ್ಳಿಗೆ ಹೋಯಿತು. ಅವರ ಜೊತೆ ಇದ್ದು, ಅವರು ಹಾಡಿದ್ದನ್ನು ಅಲ್ಲೇ ಧ್ವನಿಮುದ್ರಣ ಮಾಡಿಕೊಂಡರು. ಹಾಡಿದವರು ಷಾವಾಂಟೆಗಳೇ. ಅದರ ಮೇಲೆ ವಿದ್ಯುತ್ ಗಿಟಾರ್ ಏರಿಸಲಿಲ್ಲ. 1993ರ ಆಲ್ಬಮ್‌ನಲ್ಲೂ ಭೂಮಿ ಕಳೆದುಕೊಂಡ ಕಯೊವಾ ಜನರ ಹೆಸರಿನ ವಾದ್ಯಸಂಗೀತ ಇತ್ತು, ಅಂದರೆ ಇದು ಒಂದೇ ಸಲಕ್ಕೆ ಬಂದ ಹುಕಿ ಅಲ್ಲ. ‘ರಟಮಹಟ್ಟ’ಕ್ಕೆ ಬಂದರೆ, ಡೋಲು ಬಾರಿಸಿ ಹಾಡಿದ್ದು ಬ್ರೌನ್ ಸ್ವತಃ. ಜ಼ುಂಬಿಯ ಹೆಸರು ಕೂಗುವ ಹಕ್ಕು ಅವರಿಗಿಂತ ಜಾಸ್ತಿ ಯಾರಿಗಿದೆ? ಅವರು ಹಿಂದೆ ನಿಂತು ತಾಳ ಹಾಕಿದವರಲ್ಲ, ಮ್ಯಾಕ್ಸ್ ಜೊತೆ ಸಮಸಮ ಕೂಗಿದವರು.

ನನ್ನ ಮಟ್ಟಿಗೆ ಗೆರೆ ಇರುವುದು ಇಲ್ಲೇ. ಆ ವಾದ್ಯ ಯಾರದ್ದೋ ಅವರು ಕೋಣೆಯೊಳಗೆ ಇದ್ದಾರಾ? ಬೇಡ ಅಂತ ಹೇಳುವ ಅಧಿಕಾರ ಅವರಿಗಿದೆಯಾ? ಥರ್ಮಕೋಲಿನ ಮುಡಿ ಕಟ್ಟಿಕೊಂಡವರು ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿದ್ದರೆ, ಅದು ವೇದಿಕೆ ಹತ್ತುತ್ತಲೇ ಇರಲಿಲ್ಲ.

ಕಾಞಂಗಾಡು_ಲೋಕಲ್

ಹೌದು. ಕೇಳಿದ್ದರೆ ಅಜ್ಜ ಬೈಯುತ್ತಿದ್ದರು, ಆಮೇಲೆ ಕೂರಿಸಿ ಬೇರೆ ಏನಾದರೂ ಹೇಳಿಕೊಡುತ್ತಿದ್ದರು. ಹೇಳಿಕೊಡಬಹುದಾದದ್ದು ಬೇಕಾದಷ್ಟಿದೆ.

ಹಳೇ_ಥ್ರ್ಯಾಶ್

‘ಇತ್ಸಾರಿ’ ನನಗೂ ಇಷ್ಟ. ‘ಅರೈಸ್’ ಇದಕ್ಕಿಂತ ದೊಡ್ಡ ಆಲ್ಬಮ್ ಅನ್ನುವುದನ್ನು ಮಾತ್ರ ನಾನು ಬಿಡುವುದಿಲ್ಲ. ಇನ್ನೊಂದು ವಿಷಯ. ಈ ಆಲ್ಬಮ್ ಬಂದ ವರ್ಷದ ಡಿಸೆಂಬರಿನಲ್ಲೇ ಮ್ಯಾಕ್ಸ್ ತಂಡ ಬಿಟ್ಟರು. ಅಲ್ಲಿಂದ ಮುಂದೆ ಈ ದಾರಿ ಎಲ್ಲಿಗೆ ಹೋಗುತ್ತಿತ್ತೋ ನೋಡಲು ನಮಗೆ ಸಿಗಲಿಲ್ಲ. ಅದು ನಷ್ಟ.

ಕೇರಳದ ದಿ ಡೌನ್ ಟ್ರೊಡೆನ್ಸ್ ತಂಡ ಕೇಳಿದ್ದೀರಾ ಯಾರಾದರೂ? ಜಾನಪದವನ್ನು ಥ್ರ್ಯಾಶ್ ಎಂಬ ವೇಗದ ಮೆಟಲ್ ಜೊತೆ ಬೆಸೆದವರು, 2014ರಲ್ಲಿ ಆಲ್ಬಮ್ ಬಂತು. ವೇಗ ಬಿಡದೆಯೂ ಇದನ್ನು ಮಾಡಬಹುದು ಅನ್ನುವುದಕ್ಕೆ ಹೇಳಿದೆ.

ಉಪ್ಪಳ_ಬಾಸ್

ಹಾಗಾದರೆ ನೇರ ಪ್ರಶ್ನೆ. ದೈವದ ನುಡಿ ಮುಟ್ಟಬಾರದು, ಮುಡಿ ಮುಟ್ಟಬಾರದು, ಸರಿ. ‘ರಟಮಹಟ್ಟ’ದ ಕ್ರಮದಲ್ಲಿ ನಮ್ಮ ಕಾಸರಗೋಡಿನ ಹಾಡು ಒಂದು ಮಾಡಬೇಕು ಅಂದರೆ ಯಾರ ಹೆಸರು ಕೂಗುವುದು?

ಪೆರ್ಲದ_ಇತಿಹಾಸ

ಕಯ್ಯೂರಿನ ನಾಲ್ವರು.

ಬೇರೆ ಯಾರೂ ನನಗೆ ತೋಚುವುದೇ ಇಲ್ಲ. ಆಗ ಅದು ದಕ್ಷಿಣ ಕನ್ನಡ ಜಿಲ್ಲೆ, ಈಗ ನಮ್ಮ ಕಾಸರಗೋಡು. 1941ರಲ್ಲಿ ಜಮೀನ್ದಾರರ ವಿರುದ್ಧ, ಬ್ರಿಟಿಷರ ವಿರುದ್ಧ ಅಲ್ಲಿಯ ರೈತರು ಎದ್ದರು. ಮೆರವಣಿಗೆಯ ಎದುರು ಸಿಕ್ಕಿದ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತ. ಅದನ್ನೂ ಮುಚ್ಚಿಡಬಾರದು, ಥ್ರ್ಯಾಶ್ ಅಣ್ಣ ಲಂಪಿಯಾವ್ ಬಗ್ಗೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೆ ಹಾಕಿದರು. ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್. ಕನ್ನಡದವರಿಗೆ ಅವರನ್ನು ಪರಿಚಯ ಮಾಡಿಸಿದ್ದು ನಿರಂಜನರು, ‘ಚಿರಸ್ಮರಣೆ’ ಕಾದಂಬರಿಯಲ್ಲಿ. ನಾನು ಅದನ್ನು ಓದಿ ಅತ್ತಿದ್ದೇನೆ.

ಇಲ್ಲಿ ಯಾರೂ ವೇಷದವರಲ್ಲ, ಎಲ್ಲರೂ ನಿಜವಾಗಿ ಬದುಕಿದ್ದವರು. ಯಾರ ವ್ರತಕ್ಕೂ ಭಂಗ ಇಲ್ಲ.

ಕಾಞಂಗಾಡು_ಲೋಕಲ್

ಅಕ್ಕ, ಕಯ್ಯೂರು ನಮ್ಮ ಮನೆಗೆ ಹತ್ತಿರ. ಅಲ್ಲಿ ಈ ನಾಲ್ಕು ಹೆಸರು ಗೊತ್ತಿಲ್ಲದ ಮಕ್ಕಳಿಲ್ಲ. ಹಾಡು ಮಾಡುವುದಾದರೆ ಮೊದಲು ಅಲ್ಲಿಯ ಹಿರಿಯರಿಗೆ ಕೇಳಿಸಿ. ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು.

ಕುಂಬಳೆ_ಚೆಂಡೆ

ಅಕ್ಕ ಬರೆದದ್ದನ್ನು ಓದಿದ ಕೂಡಲೇ ತೊಡೆಯ ಮೇಲೆ ಬಡಿದು ನೋಡಿದೆ. ಒಂದು ಅಕ್ಷರಕ್ಕೆ ಒಂದು ಪೆಟ್ಟು. ಅಪ್ಪು, ಎರಡು. ಚಿರುಕಂಡನ್, ನಾಲ್ಕು. ಕುಂಞಂಬು, ಮೂರು. ಅಬೂಬಕ್ಕರ್, ನಾಲ್ಕು. ಒಟ್ಟು 13. ಕೊನೆಗೆ ಮೂರು ಖಾಲಿ ಬಿಟ್ಟರೆ ಸರಿಯಾಗಿ 16. ನಾಲ್ಕು ನಾಲ್ಕರ ನಾಲ್ಕು ಸುತ್ತು, ಮೆಟಲ್‌ನವರಿಗೂ ಲೆಕ್ಕ ತಪ್ಪುವುದಿಲ್ಲ. ಆದರೆ ಹೆಸರುಗಳು ನಾಲ್ಕರ ಗಡಿಯಲ್ಲಿ ನಿಲ್ಲುವುದಿಲ್ಲ, ದಾಟಿ ದಾಟಿ ಹೋಗುತ್ತವೆ. ಚಿರುಕಂಡನ್ ಮೊದಲ ಸುತ್ತಿನ ನಡುವೆ ಹತ್ತಿ ಎರಡನೇ ಸುತ್ತಿನ ನಡುವೆ ಇಳಿಯುತ್ತಾನೆ. ಅದೇ ಚಂದ. ಆ ಮೂರು ಖಾಲಿ ಜಾಗದಲ್ಲಿ ಗಿಟಾರ್ ಬೀಳಲಿ.

ಉಪ್ಪಳ_ಬಾಸ್

ಗಿಟಾರ್ ಬೇಡ, ಬಾಸ್ ಸಾಕು. ಮೂರು ಪೆಟ್ಟು, ಒಂದೇ ಸ್ವರ, ದಪ್ಪಕ್ಕೆ. ಗಿಟಾರ್ ಎರಡನೇ ಸಲ ಕೂಗುವಾಗ ಬರಲಿ. ನನ್ನ ಹತ್ತಿರ ರೆಕಾರ್ಡ್ ಮಾಡುವ ಸಾಮಾನು ಇದೆ.

ಕುಂಬಳೆ_ಚೆಂಡೆ

ಆದರೆ ಮೊದಲು ಚೆಂಡೆ ರೆಕಾರ್ಡ್ ಆಗಬೇಕು. ಕಂಪ್ಯೂಟರಿನ ತಾಳ ಕಿವಿಗೆ ಹಾಕಿಕೊಂಡು ಬಾರಿಸುವವ ನಾನಲ್ಲ. ನನ್ನ ಕಾಲಕ್ಕೆ ನೀವು ಕೂರಿಸಿಕೊಳ್ಳಿ. ಮಳೆಗಾಲದಲ್ಲಿ ಮೇಳದ ತಿರುಗಾಟ ಇರುವುದಿಲ್ಲ, ಆಗ ಬನ್ನಿ. ಚರ್ಮ ಮಾತ್ರ ತಂಪಿಗೆ ಸಡಿಲ ಆಗುತ್ತದೆ, ಆಗಾಗ ಬಿಗಿ ಮಾಡುತ್ತಾ ಇರಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಮುಳ್ಳೇರಿಯ_ಮೋಡ

ನಾನು ಬರೆಯುತ್ತೇನೆ. ಹೆಸರುಗಳ ಮೊದಲು ಜಾಗಗಳು ಬರಬೇಕು, ಕಯ್ಯೂರಿನಿಂದ ಕಣ್ಣೂರು ಜೈಲಿನವರೆಗೆ, ಅವರು ಹೋದ ದಾರಿಯ ಊರುಗಳು. ಲೋಕಲ್ ಅಣ್ಣ, ಆ ಊರುಗಳ ಹೆಸರು ಅಲ್ಲಿಯವರ ಬಾಯಲ್ಲಿ ಹೇಗಿದೆಯೋ ಹಾಗೇ ಕಳುಹಿಸಿ. ಪೆರ್ಲದ ಅಕ್ಕ, ಬರೆದದ್ದನ್ನು ಮೊದಲು ನಿಮಗೆ ತೋರಿಸುತ್ತೇನೆ.

ಹಳೇ_ಥ್ರ್ಯಾಶ್

ಎರಡನೇ ಸಲದ ಗಿಟಾರ್ ನಾನು ನುಡಿಸುತ್ತೇನೆ. ವೇಗವಾಗಿ.